ಕಡಲಿಗೆ ಮುಖಮಾಡಿದ ಕಪ್ಪು ದ್ರಾಕ್ಷಿ

ಸೆಪ್ಟೆಂಬರ್ ಅರ್ಧ ಕಳೆದಿರುತ್ತದೆ. ದಕ್ಷಿಣ ಫ್ರಾನ್ಸಿನ ತೋಟಗಳಲ್ಲಿ ಬೇರೆ ದ್ರಾಕ್ಷಿಗಳ ಕೊಯ್ಲು ಮುಗಿಯುತ್ತ ಬಂದು, ತೊಟ್ಟಿಗಳಲ್ಲಿ ರಸ ಹುದುಗಲು ಶುರುವಾಗಿರುತ್ತದೆ. ಮೂರ್ವೆದ್ರ್ ಎಂಬ ಕಪ್ಪು ದ್ರಾಕ್ಷಿ ಮಾತ್ರ ಇನ್ನೂ ಬಳ್ಳಿಯಲ್ಲೇ ತೂಗುತ್ತಿರುತ್ತದೆ. ವಸಂತದಲ್ಲಿ ತಡವಾಗಿ ಚಿಗುರುವ ತಳಿ ಇದು, ಹಣ್ಣಾಗುವುದೂ ತಡ. ಕಾಳು ಸಣ್ಣದು, ಸಿಪ್ಪೆ ದಪ್ಪ. ಪೂರ್ತಿ ಮಾಗುವ ಮೊದಲೇ ಕೊಯ್ದರೆ ವೈನು ಹಸಿಹಸಿಯಾಗಿ, ಬರೀ ಒಗರಾಗಿ ಉಳಿಯುತ್ತದೆ. ಮಾಗಲಿ ಎಂದು ಕಾದರೆ ಶರತ್ಕಾಲದ ಮಳೆ ಬಂದು ಗೊಂಚಲು ಕೊಳೆಯುವ ಭಯ. ಇಂಥ ತೊಡಕಿನ ತಳಿಯನ್ನು ನಂಬಿ ಬದುಕು ಕಟ್ಟಿಕೊಂಡ ಸೀಮೆಗಳು ಫ್ರಾನ್ಸಿನಲ್ಲಿ ಹೆಚ್ಚಿಲ್ಲ. ಅವುಗಳಲ್ಲಿ ಮೊದಲು ಹೇಳಬೇಕಾದ ಹೆಸರು ಬಾಂದೋಲ್.

ಮಾರ್ಸೇಲ್ ಮತ್ತು ತೂಲೋನ್ ನಗರಗಳ ನಡುವೆ, ಮೆಡಿಟರೇನಿಯನ್ ಕಡಲ ದಂಡೆಯಲ್ಲಿರುವ ಪುಟ್ಟ ಬಂದರು ಬಾಂದೋಲ್. ಅದೇ ಹೆಸರಿನ ವೈನು ತಯಾರಾಗುವುದು ಆ ಬಂದರಿನ ಹಿಂದೆ ಎದ್ದ ಗುಡ್ಡಗಳ ಇಳಿಜಾರಿನಲ್ಲಿ. ಸನಾರಿ, ಸ್ಯಾಂ-ಸೀರ್, ಲ ಕಾದಿಯೇರ್, ಲ ಕಾಸ್ತಲೆ, ಲ ಬೊಸೆ ಸೇರಿ ಎಂಟು ಊರುಗಳ ಎಲ್ಲೆಯೊಳಗೆ ಸುಮಾರು 1,500 ಹೆಕ್ಟೇರ್ ತೋಟವಿದೆ. ಉತ್ತರಕ್ಕೆ ಸ್ಯಾಂತ್-ಬೋಮ್ ಬೆಟ್ಟಸಾಲು ಗೋಡೆಯಾಗಿ ನಿಂತು ಒಳನಾಡಿನ ಚಳಿಯನ್ನು ತಡೆಯುತ್ತದೆ. ದಕ್ಷಿಣದಲ್ಲಿ ಕಡಲಿನ ಕಡೆಗೆ ನೆಲ ತೆರೆದುಕೊಂಡಿದೆ. ಬೆಟ್ಟದ ಮೇಲಿನ ಹಳೆಯ ಊರಾದ ಲ ಕಾದಿಯೇರ್‌ನಿಂದ ನೋಡಿದರೆ ಕಣಿವೆಯ ತುಂಬ ಬಳ್ಳಿಗಳು, ಅವುಗಳಾಚೆ ನೀಲಿ ನೀರು.

ಮೂರ್ವೆದ್ರ್ ಬಗ್ಗೆ ಅಲ್ಲಿನ ಬೆಳೆಗಾರರಲ್ಲಿ ಒಂದು ಹಳೆಯ ಮಾತಿದೆ. ಇದಕ್ಕೆ ತಲೆ ಬಿಸಿಲಲ್ಲಿರಬೇಕು, ಕಾಲು ನೀರಲ್ಲಿರಬೇಕು ಎಂದು. ಮೊದಲರ್ಧ ಸುಲಭವಾಗಿ ಅರ್ಥವಾಗುತ್ತದೆ. ವರ್ಷಕ್ಕೆ ಹತ್ತಿರ ಹತ್ತಿರ 3,000 ಗಂಟೆ ಬಿಸಿಲು ಬೀಳುವ ನಾಡು ಅದು. ಕಾಲು ನೀರಲ್ಲಿರಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಬೇರಿನಡಿ ನೀರು ನಿಂತರೆ ಯಾವ ದ್ರಾಕ್ಷಿಯೂ ಬಾಳದು. ಅವರು ಹೇಳುತ್ತಿರುವುದು ಆಳದ ಜೇಡಿಯಲ್ಲಿ ಬೇಸಿಗೆಯುದ್ದಕ್ಕೂ ಉಳಿಯುವ ತೇವದ ಬಗ್ಗೆ, ಅದರ ಜೊತೆಗೆ ಕಡಲಿನಿಂದ ಬರುವ ತಂಪು ತೇವದ ಗಾಳಿಯ ಬಗ್ಗೆ. ನಡುಬೇಸಿಗೆಯ ಮಧ್ಯಾಹ್ನ ಬಳ್ಳಿ ಬಾಡಿ ಬಸವಳಿಯದಂತೆ ಆ ಗಾಳಿ ಕಾಪಾಡುತ್ತದೆ.

ಕಡಲು ಮಾಡುವ ಇನ್ನೊಂದು ಉಪಕಾರ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೆಂಪು ವೈನಿಗೆ ಅದೇ ಮುಖ್ಯ. ನೆಲ ಬೇಗ ಕಾದು ಬೇಗ ತಣಿಯುತ್ತದೆ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೀರಿಕೊಂಡ ಬಿಸಿಯನ್ನು ಕಡಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದಂಡೆಗೆ ಮರಳಿ ಕೊಡುತ್ತದೆ. ಒಳನಾಡಿನಲ್ಲಿ ರಾತ್ರಿಗಳು ಆಗಲೇ ತಣ್ಣಗಾಗಿರುವಾಗ ಇಲ್ಲಿ ಬಳ್ಳಿಗೆ ಇನ್ನೂ ಕೆಲವು ವಾರಗಳ ಬೆಚ್ಚನೆಯ ಕಾಲಾವಕಾಶ ಸಿಗುತ್ತದೆ. ಮೂರ್ವೆದ್ರ್‌ಗೆ ಬೇಕಾದದ್ದು ಆ ಕೆಲವು ವಾರಗಳೇ. ಇದೇ ತಳಿಯನ್ನು ಕಡಲಿನಿಂದ ಬಹಳ ಒಳಕ್ಕೆ, ಉತ್ತರಕ್ಕೆ ಒಯ್ದು ನೆಟ್ಟರೆ ಸಕ್ಕರೆ ಕೂಡಿದರೂ ಸಿಪ್ಪೆ ಮತ್ತು ಬೀಜ ಮಾಗದೆ ಉಳಿಯುವುದುಂಟು. ಇನ್ನು ವಾಯವ್ಯದಿಂದ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಮಳೆಯ ಮರುದಿನವೇ ಗೊಂಚಲನ್ನು ಒಣಗಿಸಿ ಬೂಷ್ಟು ಹಿಡಿಯದಂತೆ ಮಾಡುತ್ತದೆ. ಒಂದು ಗಾಳಿ ತೇವ ತರುತ್ತದೆ, ಇನ್ನೊಂದು ತೇವ ಒಯ್ಯುತ್ತದೆ. ಎರಡೂ ಹದವಾಗಿ ಸಿಕ್ಕ ಜಾಗ ಇದು.

ನಮ್ಮ ಕರಾವಳಿಯಲ್ಲೂ ಕಡಲಿದೆ, ಬಿಸಿಲಿದೆ. ಅಲ್ಲೇಕೆ ಇಂಥ ದ್ರಾಕ್ಷಿ ಇಲ್ಲ ಎಂದು ಕನ್ನಡದ ಓದುಗರಿಗೆ ಅನ್ನಿಸುವುದು ಸಹಜ. ಉತ್ತರ ಮಳೆಯಲ್ಲಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಬಾಂದೋಲ್‌ನಲ್ಲಿ ಇಡೀ ವರ್ಷಕ್ಕೆ ಸುಮಾರು 650 ಮಿಲಿಮೀಟರ್. ಬೇಸಿಗೆ ಒಣಗಿರುತ್ತದೆ, ಮಳೆ ಬರುವುದು ಹೆಚ್ಚಾಗಿ ಶರತ್ಕಾಲ ಮತ್ತು ಚಳಿಗಾಲದಲ್ಲಿ. ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ದೆಹೋಗುತ್ತದೆ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಆ ನಿದ್ದೆಯ ಅನುಕೂಲವಿಲ್ಲ. ಅದಕ್ಕೇ ಅವರು ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಸವರಿ, ಎಂದರೆ ಚಾಟ್ನಿ ಮಾಡಿ, ಮಳೆ ದಾಟಿದ ಒಣದಿನಗಳಲ್ಲಿ ಹಣ್ಣು ಬರುವಂತೆ ಬಳ್ಳಿಯನ್ನು ಹೊಂದಿಸಿಕೊಳ್ಳುತ್ತಾರೆ. ಕಡಲಿನ ಹತ್ತಿರವಿದ್ದರೆ ಸಾಲದು, ಆ ಕಡಲ ಮೇಲಿನ ಮೋಡ ಯಾವ ತಿಂಗಳಲ್ಲಿ ಬರುತ್ತದೆ ಎಂಬುದು ದ್ರಾಕ್ಷಿಯ ಹಣೆಬರಹ ಬರೆಯುತ್ತದೆ.

ಬಾಂದೋಲ್‌ನ ನೆಲದ ಕಥೆಯೂ ಸಾಮಾನ್ಯವಾದದ್ದಲ್ಲ. ಸುಣ್ಣಕಲ್ಲು, ಜೇಡಿ, ಮರಳುಗಲ್ಲು ಇಲ್ಲಿ ತುಂಡುತುಂಡಾಗಿ ಬೆರೆತಿವೆ. ಲ ಬೊಸೆಯ ಬಳಿ ಹಳೆಯ ಕಾಲದ ಬಂಡೆ ಕಿರಿಯ ಕಾಲದ ಬಂಡೆಯ ಮೇಲೆ ಕೂತಿದೆ. ಭೂಪದರಗಳು ಮಡಿಸಿಕೊಂಡು, ಒಂದರ ಮೇಲೊಂದು ಜಾರಿ ಹೀಗಾಗಿದೆ ಎಂದು ಫ್ರೆಂಚ್ ಭೂವಿಜ್ಞಾನಿ ಮಾರ್ಸೆಲ್ ಬೆರ್ತ್ರಾಂ 1887ರಲ್ಲಿ ವಿವರಿಸಿದರು. ಪರ್ವತಗಳು ಹುಟ್ಟುವ ಬಗೆಯನ್ನು ಅರಿಯುವುದರಲ್ಲಿ ಆ ಪುಟ್ಟ ಜಾಗಕ್ಕೆ ದೊಡ್ಡ ಹೆಸರಿದೆ. ವೈನು ಮಾಡುವವರಿಗೆ ಇದರ ಫಲ ಬೇರೆ: ಒಂದೇ ಮನೆತನದ ಎರಡು ತೋಟಗಳಲ್ಲಿ ಮಣ್ಣು ಬೇರೆ, ಹಣ್ಣಿನ ಗುಣವೂ ಬೇರೆ.

ಈ ಇಳಿಜಾರುಗಳನ್ನು ತೋಟ ಮಾಡಿದ್ದು ಮನುಷ್ಯರ ಕೈ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಗುಡ್ಡದುದ್ದಕ್ಕೂ ಮೆಟ್ಟಿಲುಮೆಟ್ಟಿಲಾಗಿ ಮೇಲೇರುತ್ತವೆ. ಬಾಂದೋಲ್ ಸೇರಿದ ಪ್ರೊವಾನ್ಸ್ ಪ್ರಾಂತದ ಜನ ಇವನ್ನು ರೆಸ್ತಾಂಕ್ ಎನ್ನುತ್ತಾರೆ. ಜೋರುಮಳೆ ಬಂದಾಗ ನೀರು ಕಲ್ಲಿನ ಸಂದಿನಿಂದ ಸೋರಿ ಹೋಗುತ್ತದೆ, ಮಣ್ಣು ಉಳಿಯುತ್ತದೆ. ಗೋಡೆ ಕುಸಿದರೆ ಮತ್ತೆ ಕೈಯಲ್ಲೇ ಕಟ್ಟಬೇಕು. ಎಷ್ಟೋ ತೋಟಗಳಲ್ಲಿ ಟ್ರ್ಯಾಕ್ಟರ್ ತಿರುಗಲು ಜಾಗವಿಲ್ಲ. ಹೇಗಿದ್ದರೂ ಬಾಂದೋಲ್‌ನಲ್ಲಿ ಯಂತ್ರದಿಂದ ಕೊಯ್ಲು ಮಾಡುವಂತಿಲ್ಲ, ಅದು ಅಲ್ಲಿನ ಕಟ್ಟಳೆ. ಕತ್ತರಿ ಹಿಡಿದ ಆಳುಗಳು ಗೊಂಚಲು ಗೊಂಚಲಾಗಿ ನೋಡಿ ಕೊಯ್ಯುತ್ತಾರೆ.

ಇಲ್ಲಿಗೆ ದ್ರಾಕ್ಷಿ ಬಂದು ಎರಡೂವರೆ ಸಾವಿರ ವರ್ಷಗಳೇ ಆದವು. ಕ್ರಿ.ಪೂ. 600ರ ಸುಮಾರಿಗೆ ಏಷ್ಯಾ ಮೈನರಿನ ಫೊಕಾಯಾದಿಂದ ಬಂದ ಗ್ರೀಕರು ಮಸ್ಸಾಲಿಯಾ ಎಂಬ ಬಂದರು ಕಟ್ಟಿದರು, ಅದೇ ಇಂದಿನ ಮಾರ್ಸೇಲ್. ಅವರ ಹಿಂದೆ ರೋಮನರು ಬಂದರು. ಶತಮಾನಗಳು ಉರುಳಿದ ಮೇಲೆ ಬಾಂದೋಲ್ ಬಂದರಿನಿಂದ ವೈನಿನ ಪೀಪಾಯಿಗಳು ಹಡಗು ಹತ್ತುತ್ತಿದ್ದವು. ಅವುಗಳ ಮೇಲೆ ಊರಿನ ಹೆಸರಿನ ಮೊದಲಕ್ಷರವನ್ನು ಕಾದ ಕಬ್ಬಿಣದಿಂದ ಸುಟ್ಟು ಗುರುತು ಹಾಕುತ್ತಿದ್ದರು. ಪೀಪಾಯಿ ಮಾಡುವ ಬಡಗಿಗಳಿಗೆ ಬಂದರಿನಲ್ಲಿ ಕೈತುಂಬ ಕೆಲಸವಿತ್ತು. ಮೂರ್ವೆದ್ರ್ ಬೆರೆತ ವೈನು ಗಾಳಿಗೆ ಬೇಗ ಕೆಡುವುದಿಲ್ಲ. ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಕುಲುಕಾಡುತ್ತ ಹೋದರೂ ಹದಗೆಡದೆ ದಡ ಸೇರುವ ವೈನು ಎಂದು ಅದು ಹೆಸರಾಗಿತ್ತು.

ಆಮೇಲೆ ಬಂತು ಫಿಲ್ಲೊಕ್ಸೆರಾ. ಅಮೆರಿಕದಿಂದ ತಂದ ಗಿಡಗಳ ಜೊತೆ ಬಂದ, ಕಣ್ಣಿಗೆ ಸರಿಯಾಗಿ ಕಾಣಿಸದ ಬೇರುಹೇನು ಅದು. 1860ರ ದಶಕದಲ್ಲಿ ರೋನ್ ನದಿಯ ಕೆಳದಂಡೆಯ ತೋಟಗಳಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗತೊಡಗಿದವು. 1868ರಲ್ಲಿ ಮೊಂಪೆಲ್ಯೇ ನಗರದ ಸಸ್ಯವಿಜ್ಞಾನಿ ಝೂಲ್-ಎಮಿಲ್ ಪ್ಲಾಂಶೋ ಮತ್ತು ಅವರ ಜೊತೆಗಾರರು ಬೇರು ಅಗೆದು ನೋಡಿ ಈ ಕೀಟವನ್ನು ಹಿಡಿದರು. ಅಷ್ಟರಲ್ಲಿ ಅದು ಹರಡಿಬಿಟ್ಟಿತ್ತು. ಮುಂದಿನ ದಶಕಗಳಲ್ಲಿ ಫ್ರಾನ್ಸಿನ ಬಹುಪಾಲು ತೋಟಗಳು ಸತ್ತವು, ಬಾಂದೋಲ್ ಕೂಡ ಉಳಿಯಲಿಲ್ಲ. ಕೊನೆಗೆ ಸಿಕ್ಕ ದಾರಿ ಕಸಿ. ಹೇನಿನ ಕಾಟ ತಡೆದುಕೊಳ್ಳುವ ಅಮೆರಿಕದ ಬಳ್ಳಿಯ ಬೇರಿಗೆ ಯೂರೋಪಿನ ಬಳ್ಳಿಯನ್ನು ಕಟ್ಟಿ ಬೆಳೆಸುವುದು.

ಬೇರೆ ತಳಿಗಳು ಈ ಹೊಸ ಬೇರಿಗೆ ಒಗ್ಗಿಕೊಂಡವು. ಮೂರ್ವೆದ್ರ್ ಒಗ್ಗಲಿಲ್ಲ. ಕಸಿ ಕೂಡುತ್ತಿರಲಿಲ್ಲ, ಕೂಡಿದರೂ ಬಾಳುತ್ತಿರಲಿಲ್ಲ. ತಕ್ಕ ಬೇರು ಸಿಗಲು ಬಹಳ ವರ್ಷ ಹಿಡಿಯಿತು. ಸಾಲ ಹೊತ್ತ ರೈತ ಅಷ್ಟು ಕಾಲ ಕಾಯುವುದು ಹೇಗೆ? ಹೊರೆಗಟ್ಟಲೆ ಫಸಲು ಕೊಡುವ ಸುಲಭದ ತಳಿಗಳನ್ನು ನೆಟ್ಟ, ಅಗ್ಗದ ವೈನು ಮಾರಿದ. ಅವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಒಂದೆರಡು ತಲೆಮಾರಿನೊಳಗೆ ಬಾಂದೋಲ್‌ನ ಹಳೆಯ ವೈನಿನ ರುಚಿ ಹೇಗಿತ್ತು ಎಂದು ನಾಲಿಗೆಯಿಂದ ಬಲ್ಲವರೇ ಇಲ್ಲವಾಗುತ್ತ ಬಂದರು.

ಆ ರುಚಿ ಮರಳಿ ಬಂದದ್ದರಲ್ಲಿ ಒಂದು ದಂಪತಿಯ ಪಾಲು ದೊಡ್ಡದು. ಲೂಸಿ ತಾಂಪಿಯೇ ಮಾರ್ಸೇಲಿನ ಹುಡುಗಿ, 1917ರಲ್ಲಿ ಹುಟ್ಟಿದವರು; ಎಲ್ಲರೂ ಲುಲು ಎಂದೇ ಕರೆಯುತ್ತಿದ್ದರು. 1936ರಲ್ಲಿ ಲೂಸಿಯಾಂ ಪೇರೋ ಅವರನ್ನು ಮದುವೆಯಾದರು. ಲೂಸಿಯ ತವರಿಗೆ ಲ ಕಾಸ್ತಲೆಯ ಬಯಲಿನಲ್ಲಿ ಹಳೆಯದೊಂದು ತೋಟದ ಮನೆಯಿತ್ತು. ಮಾವ ಒಂದು ದಿನ ಊಟಕ್ಕೆ ಕೂತಾಗ ಅಳಿಯನಿಗೆ ಫಿಲ್ಲೊಕ್ಸೆರಾಕ್ಕೂ ಹಿಂದಿನ ಕಾಲದ ಮೂರ್ವೆದ್ರ್ ವೈನಿನ ಬಾಟಲಿ ತೆರೆದು ಸುರಿದರಂತೆ. ಈ ನೆಲದಲ್ಲಿ ಇಂಥದ್ದು ಬೆಳೆಯುತ್ತಿತ್ತು ಎಂದಾದರೆ ಈಗೇಕಿಲ್ಲ ಎಂಬ ಪ್ರಶ್ನೆ ಲೂಸಿಯಾಂ ಅವರನ್ನು ಹಿಡಿಯಿತು. 1940ರಲ್ಲಿ ಇಬ್ಬರೂ ತೋಟದ ಹೊಣೆ ಹೊತ್ತರು. ಹಳಬರನ್ನು ಕೇಳಿದರು, ಅಳಿದುಳಿದ ಬಳ್ಳಿಗಳನ್ನು ಹುಡುಕಿದರು, ಸುಲಭದ ತಳಿಗಳನ್ನು ಕಿತ್ತು ಮೂರ್ವೆದ್ರ್ ನೆಡುತ್ತ ಹೋದರು. ಯುದ್ಧದ ಕಾಲ ಅದು. ಏಳು ಮಕ್ಕಳ ಸಂಸಾರ.

ಲೂಸಿಯಾಂ ತಮ್ಮ ತೋಟ ಮಾತ್ರ ನೋಡಿಕೊಂಡಿದ್ದರೆ ಬಾಂದೋಲ್ ಇಂದು ಬಾಂದೋಲ್ ಆಗುತ್ತಿರಲಿಲ್ಲ. ಅವರು ಸುತ್ತಲಿನ ಬೆಳೆಗಾರರನ್ನು ಒಟ್ಟುಗೂಡಿಸಿದರು. ದಶಕಗಳ ಕಾಲ ಅವರ ಸಂಘ ನಡೆಸಿದರು. ಒಂದು ಊರಿನ ಹೆಸರಿನಲ್ಲಿ ವೈನು ಮಾರಬೇಕಾದರೆ ಯಾವ ನೆಲದಲ್ಲಿ, ಯಾವ ತಳಿಯಿಂದ, ಹೇಗೆ ಮಾಡಿರಬೇಕು ಎಂದು ಕಟ್ಟಳೆ ಹಾಕುವ ಕಾನೂನು ಫ್ರಾನ್ಸಿನಲ್ಲಿ 1935ರಲ್ಲಿ ಬಂದಿತ್ತು. ನಂಜನಗೂಡು ರಸಬಾಳೆಗೂ ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಕ್ಕಿರುವ ಜಿಐ ಮಾನ್ಯತೆಯ ಹಿರಿಯ ಬಂಧು ಅದು. ಬಾಂದೋಲ್‌ಗೆ ಆ ಮಾನ್ಯತೆ 1941ರ ನವೆಂಬರಿನಲ್ಲಿ ಸಿಕ್ಕಿತು. ಮೊದಲು ಮೂರ್ವೆದ್ರ್‌ನ ಕಡ್ಡಾಯ ಪಾಲು ಸ್ವಲ್ಪವೇ ಇತ್ತು, ಏಕೆಂದರೆ ತೋಟಗಳಲ್ಲಿ ಆ ಬಳ್ಳಿಯೇ ಇರಲಿಲ್ಲ. ಬಳ್ಳಿ ಹೆಚ್ಚಿದಂತೆ ಪಾಲನ್ನೂ ಹಂತಹಂತವಾಗಿ ಏರಿಸಿದರು. ಇಂದು ಕೆಂಪು ಬಾಂದೋಲ್‌ನಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮೂರ್ವೆದ್ರ್ ಇರಲೇಬೇಕು. ಉಳಿದದ್ದನ್ನು ಮುಖ್ಯವಾಗಿ ಗ್ರೆನಾಶ್, ಸ್ಯಾಂಸೋ ತಳಿಗಳು ತುಂಬುತ್ತವೆ.

ಮಿಕ್ಕ ಕಟ್ಟಳೆಗಳನ್ನು ಓದಿದರೆ ಯಾರೋ ಹೊರಗಿನ ಅಧಿಕಾರಿ ರೈತರ ಮೇಲೆ ಹೇರಿದ ಹಾಗೆ ತೋರುತ್ತದೆ, ಅಷ್ಟು ಬಿಗಿ. ಒಂದು ಹೆಕ್ಟೇರಿಗೆ 4,000 ಲೀಟರಿಗಿಂತ ಹೆಚ್ಚು ವೈನು ತೆಗೆಯುವಂತಿಲ್ಲ. ಎಂಟು ವರ್ಷ ತುಂಬದ ಬಳ್ಳಿಯ ಹಣ್ಣನ್ನು ಕೆಂಪು ವೈನಿಗೆ ಬಳಸುವಂತಿಲ್ಲ. ಮಾಡಿದ ಕೆಂಪು ವೈನು 18 ತಿಂಗಳಾದರೂ ಮರದ ಪೀಪಾಯಿಯಲ್ಲಿ ಕಳೆಯಬೇಕು. ಇವು ಬೆಳೆಗಾರರೇ ಕೂತು ತಮಗೆ ತಾವೇ ಹಾಕಿಕೊಂಡ ಕಟ್ಟುಗಳು ಎಂಬುದೇ ಈ ಸೀಮೆಯ ಬಗ್ಗೆ ನನಗಿರುವ ಗೌರವದ ಮೂಲ. ಬಿಸಿಲು, ಕಡಲು, ಸುಣ್ಣಕಲ್ಲು ಮೆಡಿಟರೇನಿಯನ್ ಸುತ್ತ ಎಷ್ಟೋ ಕಡೆ ಇವೆ. ಕಡಿಮೆ ಬೆಳೆಯುತ್ತೇವೆ, ತಡವಾಗಿ ಮಾರುತ್ತೇವೆ ಎಂದು ಊರಿಗೆ ಊರೇ ಒಪ್ಪಿ ನಡೆದದ್ದು ಅಪರೂಪ.

ವೈನು ಮಾಡುವ ಕೆಲಸಕ್ಕೆ ಬರೋಣ. ಮೂರ್ವೆದ್ರ್ ಬಳ್ಳಿ ನೆಟ್ಟಗೆ ಮೇಲಕ್ಕೆ ಬೆಳೆಯುವ ಜಾತಿ. ತಂತಿಯ ಚಪ್ಪರವಿಲ್ಲದೆ, ಬಟ್ಟಲಿನ ಆಕಾರಕ್ಕೆ ಸವರಿದ ಕುಳ್ಳು ಗಿಡವಾಗಿ ಗಾಳಿಗೆ ಎದುರು ನಿಲ್ಲುತ್ತದೆ. ಗೊಂಚಲು ಹೆಚ್ಚು ಬಿಟ್ಟರೆ ಬಣ್ಣವೂ ಸಾರವೂ ತೆಳುವಾಗುತ್ತವೆಂದು ಬೇಸಿಗೆಯ ನಡುವೆ ಕೆಲವು ಹಸಿರು ಗೊಂಚಲುಗಳನ್ನು ಕತ್ತರಿಸಿ ಕೆಳಗೆ ಬಿಡುತ್ತಾರೆ. ಕೈಯಾರೆ ಬೆಳೆಸಿದ ಫಸಲನ್ನು ಹಾಗೆ ನೆಲಕ್ಕೆ ಬೀಳಿಸಲು ಗಟ್ಟಿ ಮನಸ್ಸು ಬೇಕು.

ಕೊಯ್ದ ಹಣ್ಣನ್ನು ಆರಿಸಿ, ಸಾಮಾನ್ಯವಾಗಿ ತೊಟ್ಟು ಬಿಡಿಸಿ, ಸಿಪ್ಪೆ ಬೀಜಗಳ ಸಮೇತ ತೊಟ್ಟಿಗೆ ಹಾಕುತ್ತಾರೆ. ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿರುವುದಿಲ್ಲ. ಕೆಂಪು ಬರುವುದು ಸಿಪ್ಪೆಯಿಂದ. ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾಡುತ್ತ ಹೋದಂತೆ ಅನಿಲ ಏಳುತ್ತದೆ, ಸಿಪ್ಪೆಯೆಲ್ಲ ಮೇಲಕ್ಕೆ ಬಂದು ದಪ್ಪ ಪದರವಾಗಿ ಕಟ್ಟಿಕೊಳ್ಳುತ್ತದೆ. ಅದು ಒಣಗಿದರೆ ಹುಳಿತು ವಿನೆಗರಿನ ವಾಸನೆ ಹಿಡಿಯುತ್ತದೆ. ಆದ್ದರಿಂದ ಅಡಿಯ ರಸವನ್ನು ಪಂಪಿನಿಂದ ಎತ್ತಿ ಮೇಲೆ ಸುರಿಯುತ್ತಾರೆ, ಇಲ್ಲವೇ ಕೋಲಿನಿಂದ ಪದರವನ್ನು ಒಳಕ್ಕೆ ಒತ್ತುತ್ತಾರೆ. ಬೆಳಗ್ಗೆ ಸಂಜೆ ರುಚಿ ನೋಡುತ್ತಾರೆ. ಎರಡು ಮೂರು ವಾರ ಹೀಗೆ ನಡೆಯುತ್ತದೆ. ಬಣ್ಣದ ಜೊತೆಗೆ ಇಳಿಯುವುದು ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಬಿಗಿದುಕೊಳ್ಳುತ್ತದಲ್ಲ, ಅದೇ ಬಗೆಯ ಒಗರು. ಕೆಂಪು ವೈನಿಗೆ ಬೆನ್ನೆಲುಬು ಅದೇ. ಮೂರ್ವೆದ್ರ್‌ನ ದಪ್ಪ ಸಿಪ್ಪೆಯಲ್ಲಿ ಅದು ಧಾರಾಳ. ಕಡಿಮೆ ಹೊತ್ತು ಬಿಟ್ಟರೆ ಸಾರ ಬರದು. ಹೆಚ್ಚು ಬಿಟ್ಟರೆ, ಬೀಜದ ಕಹಿ ಇಳಿದರೆ, ಯಾವ ಪೀಪಾಯಿಯೂ ಅದನ್ನು ತಿದ್ದಲಾರದು.

ಮುಂದಿನದು ಮರದೊಳಗಿನ ಕಾಲ. ಬಾಂದೋಲ್‌ನ ಹಳೆಯ ಮನೆತನಗಳು ಇದಕ್ಕೆ ಫೂದ್ರ್ ಎಂಬ ಭಾರೀ ಓಕ್ ಪೀಪಾಯಿ ಬಳಸುತ್ತವೆ. ಒಂದೊಂದರಲ್ಲಿ ಸಾವಿರಾರು ಲೀಟರ್ ಹಿಡಿಯುತ್ತದೆ, ಒಮ್ಮೆ ಮಾಡಿಸಿದರೆ ದಶಕಗಟ್ಟಲೆ ಬರುತ್ತದೆ. ಚಿಕ್ಕ ಹೊಸ ಪೀಪಾಯಿಯಲ್ಲಿಟ್ಟರೆ ಮರದ ವೆನಿಲಾ ಪರಿಮಳ ವೈನಿಗೆ ಹತ್ತುತ್ತದೆ. ಜಗತ್ತಿನ ಬಹಳಷ್ಟು ದುಬಾರಿ ಕೆಂಪು ವೈನುಗಳಲ್ಲಿ ಆ ಪರಿಮಳವೇ ಮುಂದಾಗಿ ಎಲ್ಲವೂ ಒಂದೇ ತೆರನಾಗಿಬಿಡುವುದುಂಟು. ಹಳೆಯ ಫೂದ್ರ್ ತನ್ನ ವಾಸನೆ ಕೊಡುವುದಿಲ್ಲ. ಮರದ ಸೂಕ್ಷ್ಮ ರಂಧ್ರಗಳಿಂದ ಸ್ವಲ್ಪಸ್ವಲ್ಪವೇ ಗಾಳಿಯಾಡಲು ಬಿಡುತ್ತದೆ. ಮೂರ್ವೆದ್ರ್‌ಗೆ ಆ ಗಾಳಿ ಬೇಕು. ಗಾಳಿಯಿಲ್ಲದೆ ಮುಚ್ಚಿಟ್ಟರೆ ಇದು ಕೊಟ್ಟಿಗೆಯ, ಗಂಧಕದ ವಾಸನೆ ಹಿಡಿಯುವ ತಳಿ. ಗಾಳಿ ನಿಧಾನವಾಗಿ ತಗಲಿದಂತೆ ಆ ಕಮಟು ಹೋಗಿ ಒಗರು ಮೆತ್ತಗಾಗುತ್ತದೆ. ಕಾನೂನು ಕೇಳುವ 18 ತಿಂಗಳು ಸುಮ್ಮನೆ ಬಂದದ್ದಲ್ಲ.

ಸ್ಯಾಂ-ಸೀರ್‌ನ ಶಾತೊ ಪ್ರಾದೊ ಎಂಬ ತೋಟದಲ್ಲಿ 18 ತಿಂಗಳನ್ನೂ ಸಾಲದೆಂದು ಬಗೆದು ಕೆಂಪು ವೈನನ್ನು ಮೂರು ನಾಲ್ಕು ವರ್ಷ ಫೂದ್ರ್‌ನಲ್ಲೇ ಬಿಡುತ್ತಾರೆ. ತೊಟ್ಟನ್ನೂ ಬಿಡಿಸದೆ ಹುದುಗಿಸುವ ಹಳೆಯ ಪದ್ಧತಿ ಅವರದು. ನೆಪೋಲಿಯನ್ ಕಾಲದ ನಾಗರಿಕ ಸಂಹಿತೆಯ ಕರಡು ಸಿದ್ಧಪಡಿಸಿದವರಲ್ಲಿ ಒಬ್ಬರಾದ ಝಾಂ-ಎತಿಯೆನ್-ಮಾರಿ ಪೋರ್ತಾಲಿಸ್ ಅವರ ವಂಶದ ಆಸ್ತಿ ಅದು, ಹದಿನೆಂಟನೆಯ ಶತಮಾನದಿಂದ ಅದೇ ಮನೆತನದಲ್ಲಿದೆ.

ಎಳೆಯ ಕೆಂಪು ಬಾಂದೋಲ್ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ದಟ್ಟ ಬಣ್ಣ, ಕಪ್ಪು ಹಣ್ಣುಗಳ ಸಾರ, ಮೆಣಸಿನ ಖಾರ, ಗುಡ್ಡದ ಮೇಲಿನ ಥೈಮ್, ರೋಸ್ಮರಿ ಗಿಡಗಳ ಘಾಟು, ಎಲ್ಲದರ ಹಿಂದೆ ಹದಮಾಡಿದ ಚರ್ಮದ ವಾಸನೆ. ಹತ್ತು ವರ್ಷ ಕಳೆದ ಮೇಲೆ ಒಗರು ಕರಗಿ, ತಂಬಾಕು, ಮಳೆ ನೆನೆದ ಕಾಡಿನ ಮಣ್ಣು ಮೇಲೆ ಬರುತ್ತವೆ. ಬೆಳ್ಳುಳ್ಳಿ, ಆಲಿವ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದ ಮಾಂಸದ ಸಾರು, ಕೆಂಡದಲ್ಲಿ ಸುಟ್ಟ ಕುರಿ ಮಾಂಸ ಇದರ ಜೊತೆಗಾರರು. ಲುಲು ಪೇರೋ ಅವರ ಕೈಯಡುಗೆ ಈ ವೈನಿನಷ್ಟೇ ಹೆಸರಾಯಿತು. ಪ್ರೊವಾನ್ಸಿನಲ್ಲಿ ನೆಲೆಸಿದ್ದ ಅಮೆರಿಕನ್ ಲೇಖಕ ರಿಚರ್ಡ್ ಓಲ್ನಿ, ಲುಲು ಅವರ ಅಡುಗೆಮನೆಯನ್ನೇ ವಸ್ತುವಾಗಿಸಿ 1994ರಲ್ಲಿ ಪುಸ್ತಕ ಬರೆದರು. ಅಮೆರಿಕದಲ್ಲಿ ಬಾಂದೋಲ್ ಪರಿಚಯವಾದದ್ದು ಹೆಚ್ಚಾಗಿ ಈ ಊಟದ ಮೇಜಿನ ಮೂಲಕವೇ. ಲೂಸಿಯಾಂ 1996ರಲ್ಲಿ ತೀರಿಕೊಂಡರು. ಮುಪ್ಪಿನಲ್ಲೂ ಕಡಲಿಗಿಳಿದು ಈಜುತ್ತಿದ್ದ ಲುಲು 102 ವರ್ಷ ಬಾಳಿ 2020ರಲ್ಲಿ ಹೋದರು.

ಇಷ್ಟೆಲ್ಲ ಕಷ್ಟಪಟ್ಟು ಮರಳಿ ತಂದ ಕೆಂಪು ವೈನು ಇಂದು ಬಾಂದೋಲ್‌ನ ಒಟ್ಟು ತಯಾರಿಕೆಯಲ್ಲಿ ಚಿಕ್ಕ ಪಾಲು. ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ರೋಜೆ, ಎಂದರೆ ತಿಳಿಗುಲಾಬಿ ಬಣ್ಣದ ವೈನು. ಸಿಪ್ಪೆಯ ಜೊತೆ ರಸವನ್ನು ಬಹಳ ಹೊತ್ತು ಬಿಡದೆ ಬೇರ್ಪಡಿಸಿದರೆ ರೋಜೆ ಆಗುತ್ತದೆ. ಶರತ್ಕಾಲದಲ್ಲಿ ಕೊಯ್ದದ್ದು ಮರುವರ್ಷದ ಬೇಸಿಗೆಗೆ ಸಮುದ್ರತೀರದ ಹೋಟೆಲುಗಳಲ್ಲಿ ಖರ್ಚಾಗುತ್ತದೆ, ದುಡ್ಡು ಕೈಗೆ ಬರುತ್ತದೆ. ರೋಜೆಯನ್ನು ಕೀಳುಗಳೆಯಲು ನನಗೆ ಮನಸ್ಸಿಲ್ಲ. ತಾಂಪಿಯೇ ತೋಟದಿಂದ ಪೇರೋ ದಂಪತಿ ಮೊದಲು ಬಾಟಲಿಗೆ ತುಂಬಿದ್ದೂ ರೋಜೆಯನ್ನೇ, 1943ರ ಕೊಯ್ಲಿನದ್ದು. ಕೆಂಪು ವೈನು ಪೀಪಾಯಿಯಲ್ಲಿ ಮಲಗಿರುವಾಗ ಮನೆ ನಡೆಸಿದ್ದು ಅದೇ. ಆದರೆ ಒಳ್ಳೆಯ ಇಳಿಜಾರಿನ ಹಳೆಯ ಮೂರ್ವೆದ್ರ್ ಬಳ್ಳಿಯ ಹಣ್ಣೂ ಬೇಗ ಮಾರುವ ರೋಜೆಗೆ ಹೋಗತೊಡಗಿದರೆ ನಷ್ಟ ದೊಡ್ಡದು. ಹೆಚ್ಚು ಬಣ್ಣ ಬೇಡ, ಹೆಚ್ಚು ಒಗರು ಬೇಡ ಎನ್ನುವ ವೈನಿಗೆ ಬೇಗ ಕೊಯ್ದರೆ ಸಾಕು. ಅಕ್ಟೋಬರ್‌ವರೆಗೆ ಕಾಯುವ ಅಭ್ಯಾಸ ಒಂದು ತಲೆಮಾರಿಗೆ ತಪ್ಪಿದರೆ, ಯಾವ ದಿನ ಕೊಯ್ಯಬೇಕು ಎಂದು ಬೀಜ ಕಚ್ಚಿ ನೋಡಿ ಹೇಳಬಲ್ಲವರೂ ಕಡಿಮೆಯಾಗುತ್ತಾರೆ. ಒಮ್ಮೆ ಹಾಗೆ ಆಗಿತ್ತು. ಆಗ ಕಾರಣ ಬೇರುಹೇನು.

ಜಾಗದ ಒತ್ತಡವೂ ಇದೆ. ಸನಾರಿ ಮೊದಲಿನಿಂದ ಪ್ರವಾಸಿಗರನ್ನು ಸೆಳೆದ ಊರು. ಆಲ್ಡಸ್ ಹಕ್ಸ್‌ಲಿ ತಮ್ಮ ‘ಬ್ರೇವ್ ನ್ಯೂ ವರ್ಲ್ಡ್’ ಬರೆದದ್ದು ಅಲ್ಲಿ. ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಥಾಮಸ್ ಮಾನ್, ಲಿಯೋನ್ ಫೊಯಿಷ್ಟ್‌ವಾಂಗರ್ ಮುಂತಾದ ಜರ್ಮನ್ ಲೇಖಕರು 1930ರ ದಶಕದಲ್ಲಿ ಅಲ್ಲೇ ತಂಗಿದ್ದರು. ಕಡಲು ಕಾಣುವ ಇಳಿಜಾರು ಮೂರ್ವೆದ್ರ್‌ಗೆ ಎಷ್ಟು ಬೇಕೋ ರಜೆಯ ಮನೆ ಕಟ್ಟುವವರಿಗೂ ಅಷ್ಟೇ ಬೇಕು. ಆ ಮನೆಗೆ ಸಿಗುವ ಬೆಲೆ ದ್ರಾಕ್ಷಿಗೆ ಸಿಗುವುದಿಲ್ಲ.

ಹೀಗಿದ್ದೂ ಬಾಂದೋಲ್‌ನಲ್ಲಿ ಈಗಲೂ ಹೊಸ ಮೂರ್ವೆದ್ರ್ ಸಸಿ ನೆಡುವವರಿದ್ದಾರೆ. ಇಂದು ನೆಟ್ಟ ಸಸಿಯ ಹಣ್ಣು ಕೆಂಪು ವೈನಿನ ತೊಟ್ಟಿಗೆ ಇಳಿಯಲು ಎಂಟು ವರ್ಷ ಬೇಕು. ಅಲ್ಲಿಂದ 18 ತಿಂಗಳು, ಎರಡು ವರ್ಷ, ಪ್ರಾದೊದಂಥ ಮನೆಯಾದರೆ ನಾಲ್ಕು ವರ್ಷ ಮರದಲ್ಲಿ. ಆಮೇಲೆ ಕೊಂಡವರ ನೆಲಮಾಳಿಗೆಯಲ್ಲಿ ಇನ್ನೊಂದು ಹತ್ತು ವರ್ಷ. ನಲವತ್ತೈದರ ವಯಸ್ಸಿನಲ್ಲಿ ಸಸಿ ನೆಟ್ಟವರು ಆ ಮೊದಲ ಬಾಟಲಿಯನ್ನು ಹದಕ್ಕೆ ಬಂದ ಮೇಲೆ ತೆರೆಯುವುದು ಅರವತ್ತೈದು ದಾಟಿದಾಗ. ಅಷ್ಟರಲ್ಲಿ ತೋಟದ ಕೆಲಸ ಮಗಳ ಕೈಗೋ ಮಗನ ಕೈಗೋ ಹೋಗಿರುತ್ತದೆ. ಆ ಬಳ್ಳಿಗಳು ಮಾತ್ರ ತಮ್ಮ ಒಳ್ಳೆಯ ಫಸಲಿನ ವಯಸ್ಸಿಗೆ ಆಗಷ್ಟೇ ಕಾಲಿಟ್ಟಿರುತ್ತವೆ.